ಗಾಜು ದುರಸ್ತಿಯ ಫ್ರಾಂಚೈಸಿ: ನಾಲ್ಕು ಊರುಗಳ ಒಂದು ಲೆಕ್ಕ

ವಾಹನದ ಮುಂದಿನ ಗಾಜಿಗೆ ಕಲ್ಲು ಸಿಡಿದು ಬಿದ್ದ ಚುಕ್ಕೆಯನ್ನು ತುಂಬುವುದು, ತುಂಬಲಾಗದಷ್ಟು ಒಡೆದಿದ್ದರೆ ಹೊಸ ಗಾಜು ಕೂರಿಸುವುದು, ಜೊತೆಗೆ ಮನೆ, ಅಂಗಡಿ, ಕಚೇರಿಗಳ ಕಿಟಕಿ ಬಾಗಿಲುಗಳ ಗಾಜು ಬದಲಿಸುವುದು: ಇಷ್ಟೇ ಕೆಲಸಗಳ ಮೇಲೆ ನಿಂತ ಪ್ರತ್ಯೇಕ ವ್ಯಾಪಾರವೊಂದಿದೆ. ಗ್ಯಾರೇಜಿನವರು ಹತ್ತು ಕೆಲಸಗಳ ನಡುವೆ ಮಾಡಿಕೊಡುತ್ತಿದ್ದ ಈ ಕೆಲಸವನ್ನೇ ಕಸುಬಾಗಿಸಿಕೊಂಡ ಸಂಸ್ಥೆಗಳು ಮೊದಲು ಅಮೆರಿಕದಲ್ಲಿ ಬೆಳೆದವು. ಗ್ಲಾಸ್ ಡಾಕ್ಟರ್ 1962ರಲ್ಲಿ ಸಿಯಾಟಲ್ ನಗರದಲ್ಲಿ, ನೋವಸ್ 1972ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಆರಂಭವಾದವು. ಎರಡೂ ಊರೂರಿಗೆ ಹಬ್ಬಿದ್ದು ಫ್ರಾಂಚೈಸಿ ಪದ್ಧತಿಯಿಂದ. ಭಾರತದಲ್ಲಿ ಜಪಾನಿನ ಎಜಿಸಿ (ಹಿಂದಿನ ಅಸಾಹಿ ಗ್ಲಾಸ್) ಮತ್ತು ಮಾರುತಿ ಸುಜುಕಿಯ ಪಾಲುದಾರಿಕೆ ಇರುವ ಅಸಾಹಿ ಇಂಡಿಯಾ ಗ್ಲಾಸ್ ಕಂಪನಿ ‘ವಿಂಡ್‌ಶೀಲ್ಡ್ ಎಕ್ಸ್‌ಪರ್ಟ್ಸ್’ ಎಂಬ ಹೆಸರಿನಲ್ಲಿ ಇಂಥ ಕೇಂದ್ರಗಳ ಜಾಲವನ್ನು ನಡೆಸುತ್ತಿದೆ.

ಫ್ರಾಂಚೈಸಿಯಲ್ಲಿ ಹೆಸರು, ಕೆಲಸದ ವಿಧಾನ, ಸರಕಿನ ಪೂರೈಕೆ ಮತ್ತು ತರಬೇತಿ ಕಂಪನಿಯದು. ಬಂಡವಾಳ, ಜಾಗ, ಆಳುಕಾಳು, ಲಾಭ-ನಷ್ಟ ಸ್ಥಳೀಯ ಮಾಲೀಕನದು. ಹೆಸರನ್ನು ಬಳಸುವುದಕ್ಕೆ ಮಾಲೀಕ ಆರಂಭದಲ್ಲಿ ಒಂದು ಇಡಿಗಂಟು ಮೊತ್ತವನ್ನೂ ಆಮೇಲೆ ವಹಿವಾಟಿನ ಇಂತಿಷ್ಟು ಪಾಲನ್ನೂ ಕಂಪನಿಗೆ ಕೊಡುತ್ತಾನೆ. ಬೆಂಗಳೂರು, ಹುಬ್ಬಳ್ಳಿಯಂಥ ನಗರದಲ್ಲಿ ಒಂದು ಬಡಾವಣೆಯ ವಾಹನಗಳೇ ಇಂಥ ಕೇಂದ್ರವನ್ನು ಸಾಕಬಲ್ಲವು. ಬಾಗಲಕೋಟೆ ಜಿಲ್ಲೆಯಂಥ ಕಡೆ ಲೆಕ್ಕ ಬೇರೆ. ಅಲ್ಲಿ ಯಾವ ಒಂದೇ ಊರಿನ ಗಿರಾಕಿಯನ್ನು ನಂಬಿದರೂ ಕೇಂದ್ರ ನಡೆಯುವುದು ಕಷ್ಟ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ನಾಲ್ಕನ್ನೂ ಒಂದೇ ಸುತ್ತಿನೊಳಗೆ ತಂದುಕೊಂಡರೆ ಮಾತ್ರ ದಿನಕ್ಕೆ ಬೇಕಾದಷ್ಟು ಕೆಲಸ ಕೂಡಿಬರುತ್ತದೆ.

ಎರಡು ಜಾತಿಯ ಗಾಜು

ಈ ವ್ಯಾಪಾರದ ಎಲ್ಲ ಲೆಕ್ಕವೂ ಗಾಜಿನ ಗುಣದಿಂದ ಹುಟ್ಟುತ್ತದೆ. ಸಾಮಾನ್ಯ ಕಿಟಕಿ ಗಾಜು ತಯಾರಾಗುವುದು ಫ್ಲೋಟ್ ವಿಧಾನದಲ್ಲಿ. ಕರಗಿದ ಗಾಜನ್ನು ಕರಗಿದ ತವರದ ಮೇಲೆ ಹರಿಯಬಿಟ್ಟರೆ ಅದು ತಾನಾಗಿ ಮಟ್ಟಸವಾಗಿ ಹರಡಿ, ಎರಡೂ ಮುಖ ನುಣುಪಾಗಿ ಹಾಳೆಯಾಗುತ್ತದೆ. ಬ್ರಿಟನ್ನಿನ ಪಿಲ್ಕಿಂಗ್‌ಟನ್ ಕಂಪನಿ 1959ರಲ್ಲಿ ಈ ವಿಧಾನವನ್ನು ಲೋಕಕ್ಕೆ ತಿಳಿಸಿತು. ಫ್ರಾನ್ಸಿನ ಸೇಂಟ್-ಗೋಬೇನ್ ಕಂಪನಿ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ 2000ದಲ್ಲಿ ಫ್ಲೋಟ್ ಕಾರ್ಖಾನೆ ಆರಂಭಿಸಿತು. ಫ್ಲೋಟ್ ಗಾಜನ್ನು ಅಂಗಡಿಯಲ್ಲೇ ವಜ್ರದ ಮೊನೆಯಿಂದಲೋ ಉಕ್ಕಿನ ಗಾಲಿಯಿಂದಲೋ ಗೆರೆ ಎಳೆದು ಬೇಕಾದ ಅಳತೆಗೆ ಕತ್ತರಿಸಬಹುದು.

ವಾಹನಕ್ಕೆ ಈ ಗಾಜು ನೇರವಾಗಿ ಬಾರದು. ಅಲ್ಲಿ ಬೇಕಾದದ್ದು ಸುರಕ್ಷತಾ ಗಾಜು. ಅದರಲ್ಲಿ ಎರಡು ಬಗೆ. ಮೊದಲನೆಯದು ಲ್ಯಾಮಿನೇಟೆಡ್: ಎರಡು ತೆಳು ಗಾಜುಗಳ ನಡುವೆ ಪಿವಿಬಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಇಟ್ಟು ಬಿಸಿ ಮತ್ತು ಒತ್ತಡದಲ್ಲಿ ಬೆಸೆದದ್ದು. ಒಡೆದರೂ ಚೂರುಗಳು ಆ ಹಾಳೆಗೆ ಅಂಟಿಕೊಂಡೇ ಉಳಿಯುತ್ತವೆ. ಇದರ ಮೂಲ ಯೋಚನೆ ಫ್ರೆಂಚ್ ರಸಾಯನಶಾಸ್ತ್ರಜ್ಞ ಎದುವಾರ್ ಬೆನೆಡಿಕ್ಟಸ್‌ನದು. ಒಳಗೆ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಪೊರೆಗಟ್ಟಿದ್ದ ಗಾಜಿನ ಪಾತ್ರೆಯೊಂದು ಕೆಳಗೆ ಬಿದ್ದು ಬಿರಿದರೂ ಚದುರದೆ ಉಳಿದದ್ದನ್ನು ಕಂಡ ಆತ 1909ರಲ್ಲಿ ಪೇಟೆಂಟ್ ಪಡೆದ. ಎರಡನೆಯದು ಟಫನ್ಡ್, ಅಂಗಡಿಯವರ ಬಾಯಲ್ಲಿ ‘ಟಫನ್ ಗ್ಲಾಸ್’. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಗಾಳಿಯ ರಭಸದಿಂದ ಥಟ್ಟನೆ ತಣಿಸಿದರೆ ಮೇಲ್ಮೈ ಬಿಗಿದುಕೊಂಡು ಅದರ ಬಲ ನಾಲ್ಕೈದು ಪಟ್ಟು ಹೆಚ್ಚುತ್ತದೆ. ಒಡೆದಾಗ ಇಡೀ ಗಾಜು ಮೊಂಡು ಅಂಚಿನ ಸಣ್ಣ ಸಣ್ಣ ಹರಳುಗಳಾಗಿ ಉದುರುತ್ತದೆ.

ಕಾರಿನ ಮುಂದಿನ ಗಾಜು ಲ್ಯಾಮಿನೇಟೆಡ್, ಬಾಗಿಲು ಮತ್ತು ಹಿಂದಿನ ಗಾಜು ಬಹುಪಾಲು ಟಫನ್ಡ್. ಇದರಿಂದ ಮೂರು ಮಾತು ಸ್ಪಷ್ಟವಾಗುತ್ತವೆ. ದುರಸ್ತಿ ಎಂಬುದು ಮುಂದಿನ ಗಾಜಿಗೆ ಮಾತ್ರ ಸಾಧ್ಯ, ಉಳಿದವಕ್ಕೆ ಬದಲಾವಣೆಯೊಂದೇ ದಾರಿ. ಟಫನ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ. ಆದ್ದರಿಂದ ಅಳತೆ ತಪ್ಪಿದರೆ ಆ ಗಾಜು ಗುಜರಿಗೇ ಹೋಗಬೇಕು. ವಾಹನದ ಗಾಜು ಆಯಾ ಮಾಡೆಲ್ಲಿನ ಬಾಗಿಗೆ ತಕ್ಕಂತೆ ಕಾರ್ಖಾನೆಯಲ್ಲೇ ರೂಪಗೊಳ್ಳಬೇಕಾದ್ದರಿಂದ ಫ್ರಾಂಚೈಸಿ ಕೇಂದ್ರ ಗಾಜನ್ನು ತಯಾರಿಸುವ ಜಾಗವಲ್ಲ. ಸರಿಯಾದ ಗಾಜನ್ನು ತರಿಸಿ ಸರಿಯಾಗಿ ಕೂರಿಸುವ ಜಾಗ ಅದು.

ಕೆಲಸ ಎಲ್ಲಿಂದ ಬರುತ್ತದೆ

ಬಾಗಲಕೋಟೆ ಜಿಲ್ಲೆ 1997ರಲ್ಲಿ ಅಂದಿನ ವಿಜಾಪುರ ಜಿಲ್ಲೆಯಿಂದ ಬೇರೆಯಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 18.9 ಲಕ್ಷ. ಬಾಗಲಕೋಟೆ ನಗರದ್ದು 1.1 ಲಕ್ಷ, ಇಳಕಲ್ಲಿನದು ಸುಮಾರು 60 ಸಾವಿರ, ಬಾದಾಮಿಯದು 31 ಸಾವಿರದ ಆಸುಪಾಸು, ಹುನಗುಂದದ್ದು ಅದಕ್ಕೂ ಕಡಿಮೆ. ಸಂಖ್ಯೆಗಿಂತ ಮುಖ್ಯವಾದದ್ದು ಈ ಊರುಗಳ ರಸ್ತೆಗಳ ಮೇಲೆ ಓಡಾಡುವ ಸರಕು.

ಇಳಕಲ್ ಎಂದರೆ ಸೀರೆಯ ಜೊತೆಗೆ ಕೆಂಪು ಗ್ರಾನೈಟ್ ಕೂಡ. ಕ್ವಾರಿಗಳಿಂದ ಹೊರಬರುವ ಕಲ್ಲಿನ ದಿಮ್ಮಿಗಳ ಲಾರಿಗಳು, ಕಡಿ ತುಂಬಿದ ಟಿಪ್ಪರುಗಳು ವಿಜಯಪುರ–ಹೊಸಪೇಟೆ ನಡುವಿನ ರಾಷ್ಟ್ರೀಯ ಹೆದ್ದಾರಿ 50ಕ್ಕೆ ಬಂದು ಸೇರುತ್ತವೆ. ಇದೇ ಹೆದ್ದಾರಿಯ ಮೇಲೆ ಇಳಕಲ್ಲಿನಿಂದ ಹದಿನೈದು ಕಿಲೋಮೀಟರಿನ ಒಳಗೆ ಹುನಗುಂದವಿದೆ. ಬೆಳಗಾವಿ–ರಾಯಚೂರು ಕಡೆಯ ವಾಹನಗಳು ಹೆದ್ದಾರಿಯನ್ನು ಹಾಯುವುದು ಇಲ್ಲಿಯೇ. ಟಿಪ್ಪರಿನ ಗಾಲಿಯ ಜೋಡಿ ಟೈರುಗಳ ಸಂದಿಯಲ್ಲಿ ಸಿಕ್ಕ ಕಡಿಕಲ್ಲು ವೇಗ ಹೆಚ್ಚಿದಾಗ ಕವಣೆ ಕಲ್ಲಿನಂತೆ ಹಿಂದಕ್ಕೆ ಚಿಮ್ಮುತ್ತದೆ. ಹಿಂದೆ ಬರುವ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಕಡಲೆ ಗಾತ್ರದ ಕಲ್ಲೂ ಮುಂದಿನ ಗಾಜಿನಲ್ಲಿ ಗುರುತು ಬಿಡದೆ ಹೋಗುವುದಿಲ್ಲ.

ಬಾಗಲಕೋಟೆ, ಮುಧೋಳ, ಲೋಕಾಪುರದ ಸುತ್ತ ಸುಣ್ಣದಕಲ್ಲಿನ ಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು ರಾತ್ರಿ ಹಗಲೆನ್ನದೆ ರಸ್ತೆಯ ಮೇಲಿರುತ್ತವೆ. ಹೊರಚಾಚಿದ ಕಬ್ಬಿನ ಜಲ್ಲೆ ಪಕ್ಕದ ವಾಹನದ ಕನ್ನಡಿಗೂ ಗಾಜಿಗೂ ತಾಗುವುದುಂಟು. ಬಾದಾಮಿಯ ಕೆಲಸ ಇನ್ನೊಂದು ಬಗೆಯದು. ಗುಹಾ ದೇವಾಲಯಗಳು, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು, ಐಹೊಳೆ, ಹುನಗುಂದ ತಾಲೂಕಿನ ಕೂಡಲಸಂಗಮ ಇವುಗಳ ನಡುವೆ ಪ್ರವಾಸಿ ಟ್ಯಾಕ್ಸಿ, ಟೆಂಪೊ ಟ್ರಾವೆಲರ್‌ಗಳ ಓಡಾಟವಿದೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನೆರೆದಾಗ ಆ ಓಡಾಟ ಇಮ್ಮಡಿಯಾಗುತ್ತದೆ. ಟ್ಯಾಕ್ಸಿಯವನಿಗೆ ಗಾಡಿ ಒಂದು ದಿನ ನಿಂತರೆ ಒಂದು ದಿನದ ಬಾಡಿಗೆ ಹೋಯಿತು. ಅವನಿಗೆ ಗಾಜಿನ ಬೆಲೆಯಷ್ಟೇ ಅದು ಎಷ್ಟು ಬೇಗ ಸಿಗುತ್ತದೆ ಎಂಬುದೂ ಮುಖ್ಯ.

ಹವಾಮಾನವೂ ಈ ವ್ಯಾಪಾರಕ್ಕೆ ಕೆಲಸ ಒದಗಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವ ಸೀಮೆ ಇದು. ಬಿಸಿಲಲ್ಲಿ ನಿಂತ ಕಾರಿನ ಗಾಜು ಹೊರಗಡೆ ಸುಡುತ್ತಿರುವಾಗ ಒಳಗಡೆ ಎ.ಸಿ.ಯ ತಣ್ಣನೆ ಗಾಳಿ ಬಡಿದರೆ ಎರಡು ಮುಖಗಳ ಹಿಗ್ಗು-ಕುಗ್ಗು ಒಂದೇ ಆಗಿರದೆ, ಇದ್ದ ಸಣ್ಣ ಚುಕ್ಕೆಯಿಂದ ಬಿರುಕು ಓಡತೊಡಗುತ್ತದೆ. ಕಾದ ಗಾಜಿಗೆ ತಣ್ಣೀರು ಸುರಿಯುವುದರಿಂದಲೂ ಹೀಗೆಯೇ ಆಗುತ್ತದೆ. ಚಳಿಗಾಲದಲ್ಲಿ ಬಿದ್ದ ಚುಕ್ಕೆ ಬೇಸಿಗೆಯಲ್ಲಿ ಅಡ್ಡ ಬಿರುಕಾಗುವುದಕ್ಕೆ ಇದೇ ಕಾರಣ.

ಚುಕ್ಕೆ ತುಂಬುವ ಕೆಲಸ

ಎಲ್ಲ ಚುಕ್ಕೆಯೂ ದುರಸ್ತಿಗೆ ಬರುವುದಿಲ್ಲ. ಪೆಟ್ಟು ಹೊರಗಿನ ಗಾಜಿಗಷ್ಟೇ ಆಗಿರಬೇಕು, ನಡುವಿನ ಪ್ಲಾಸ್ಟಿಕ್ ಹಾಳೆ ಕೆಟ್ಟಿರಬಾರದು. ಗಾತ್ರ ಹೆಚ್ಚೆಂದರೆ ಒಂದು ನಾಣ್ಯದಷ್ಟಿರಬೇಕು. ಗಾಜಿನ ಅಂಚಿಗೆ ಹತ್ತಿದ ಬಿರುಕು ದುರಸ್ತಿಯಾದರೂ ನಿಲ್ಲುವ ಭರವಸೆ ಇಲ್ಲ. ಚಾಲಕನ ಕಣ್ಣಿಗೆ ನೇರ ಎದುರಿರುವ ಜಾಗದಲ್ಲಿ ಸಣ್ಣ ಕಲೆ ಉಳಿದರೂ ರಾತ್ರಿ ಎದುರು ಬರುವ ದೀಪದ ಬೆಳಕು ಅಲ್ಲಿ ಚೆದುರುತ್ತದೆ. ಆದ್ದರಿಂದ ಆ ಜಾಗದ ಪೆಟ್ಟಿಗೆ ಬದಲಾವಣೆಯೇ ಒಳ್ಳೆಯದು.

ದುರಸ್ತಿಗೆ ಬರುವ ಚುಕ್ಕೆಯ ಕೆಲಸ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯದು. ಮೊದಲು ಗಾಡಿಯನ್ನು ನೆರಳಿಗೆ ತಂದು ಗಾಜು ತಾನಾಗಿ ಆರಲು ಬಿಡಬೇಕು. ಉತ್ತರ ಕರ್ನಾಟಕದ ಬಿಸಿಲಿನಲ್ಲಿ ಇದನ್ನು ತಪ್ಪಿಸುವಂತಿಲ್ಲ. ಚುಕ್ಕೆಗೆ ತುಂಬುವ ರೆಸಿನ್ ಎಂಬ ದ್ರವ ಗಟ್ಟಿಯಾಗುವುದು ಅತಿನೇರಳೆ ಕಿರಣದಿಂದ. ಬಿಸಿಲಿನಲ್ಲೂ ಆ ಕಿರಣವಿರುವುದರಿಂದ ಬಯಲಲ್ಲಿ ಕೆಲಸ ಹಿಡಿದರೆ ರೆಸಿನ್ ಬಿರುಕಿನ ತುದಿಗೆ ಹೋಗುವ ಮೊದಲೇ ಬಾಯಲ್ಲೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಸಡಿಲಾದ ಗಾಜಿನ ಪುಡಿಯನ್ನು ಸೂಜಿಯಿಂದ ಕೆದಕಿ ತೆಗೆಯುತ್ತಾರೆ. ಚುಕ್ಕೆಯ ಮೇಲೆ ರಬ್ಬರ್ ಬಟ್ಟಲುಗಳಿಂದ ಗಾಜನ್ನು ಕಚ್ಚಿ ಹಿಡಿಯುವ ಸಣ್ಣ ಸೇತುವೆಯಂಥ ಉಪಕರಣ ಕೂರುತ್ತದೆ. ಅದರ ನಡುವಿನ ಕೊಳವೆಯಲ್ಲಿ ಒಂದೆರಡು ಹನಿ ರೆಸಿನ್. ಪಿಸ್ಟನ್ ಎಳೆದಾಗ ಬಿರುಕಿನೊಳಗಿನ ಗಾಳಿ ಹೊರಬರುತ್ತದೆ, ಒತ್ತಿದಾಗ ಆ ಖಾಲಿ ಜಾಗಕ್ಕೆ ರೆಸಿನ್ ಇಳಿಯುತ್ತದೆ. ಹೀಗೆ ಎಳೆದು ಒತ್ತಿ ಮಾಡುತ್ತಿರುವಾಗ ಒಳಗಿನಿಂದ ಕನ್ನಡಿ ಹಿಡಿದು ನೋಡಿದರೆ ಬಿರುಕಿನ ಬೆಳ್ಳಿಯಂಥ ಹೊಳಪು ಎಳೆ ಎಳೆಯಾಗಿ ಮಾಯವಾಗುವುದು ಕಾಣುತ್ತದೆ. ಎಲ್ಲ ಎಳೆಗಳೂ ತುಂಬಿದ ಮೇಲೆ ಅತಿನೇರಳೆ ದೀಪ ಹಿಡಿದು ಗಟ್ಟಿಮಾಡಿ, ಬಾಯಿಗೆ ದಪ್ಪ ರೆಸಿನ್ನಿನ ಇನ್ನೊಂದು ಹನಿ ಇಟ್ಟು, ಮತ್ತೆ ಗಟ್ಟಿಯಾದ ಬಳಿಕ ಬ್ಲೇಡಿನಿಂದ ಮಟ್ಟಸವಾಗಿ ಹೆರೆದು ಪಾಲಿಶ್ ಮಾಡುತ್ತಾರೆ.

ರೆಸಿನ್ ಬೆಳಕನ್ನು ಬಾಗಿಸುವ ಗುಣ ಗಾಜಿನ ಗುಣಕ್ಕೆ ಬಹಳ ಹತ್ತಿರವಿರುವುದರಿಂದ ಗುರುತು ಮಸುಕಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ದುರಸ್ತಿಯ ಉದ್ದೇಶ ಬಿರುಕು ಮುಂದುವರಿಯದಂತೆ ತಡೆಯುವುದು. ಇದನ್ನು ಕೆಲಸ ಹಿಡಿಯುವ ಮೊದಲೇ ಗಿರಾಕಿಗೆ ಹೇಳದಿದ್ದರೆ ಕೊನೆಗೆ ಜಗಳ ಖಚಿತ. ಚುಕ್ಕೆಗೆ ನೀರು, ಧೂಳು ಇಳಿದರೆ ರೆಸಿನ್ ಹಿಡಿಯುವುದಿಲ್ಲವಾದ್ದರಿಂದ, ಕಲ್ಲು ಬಡಿದ ಕೂಡಲೇ ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿಕೊಂಡು ಬರುವಂತೆ ಚಾಲಕರಿಗೆ ತಿಳಿಸುವುದೂ ಕೇಂದ್ರದ ಕೆಲಸವೇ.

ಹೊಸ ಗಾಜು ಕೂರಿಸುವುದು

ಮುಂದಿನ ಗಾಜು ಕೂರಿಸುವ ಪದ್ಧತಿ ಎರಡು. ಹಳೆಯ ಲಾರಿ, ಬಸ್ಸು, ಕೆಲವು ಜೀಪುಗಳಲ್ಲಿ ಗಾಜಿನ ಸುತ್ತ ರಬ್ಬರ್ ಬೀಡಿಂಗ್ ಹಾಕಿ, ಅದರ ತುಟಿಯನ್ನು ಹಗ್ಗ ಎಳೆದು ಚೌಕಟ್ಟಿಗೆ ಏರಿಸುತ್ತಾರೆ. ಹೊಸ ಕಾರುಗಳಲ್ಲಿ ಗಾಜನ್ನು ಪಾಲಿಯುರಿಥೇನ್ ಅಂಟಿನಿಂದ ಬಾಡಿಗೇ ಅಂಟಿಸಲಾಗುತ್ತದೆ. ಫಿಟ್ಟರುಗಳು ಇದನ್ನು ‘ಪೇಸ್ಟಿಂಗ್’ ಎನ್ನುತ್ತಾರೆ. ಬೀಡಿಂಗ್ ಕೆಲಸಕ್ಕೆ ಕೈಚಳಕ ಸಾಕು. ಪೇಸ್ಟಿಂಗಿಗೆ ಶಿಸ್ತು ಬೇಕು. ಅಂಟಿಸಿದ ಗಾಜು ವಾಹನದ ಬಲದ ಒಂದು ಭಾಗ ಎಂಬುದು ಇದಕ್ಕೆ ಕಾರಣ. ಗಾಡಿ ಪಲ್ಟಿಯಾದಾಗ ಛಾವಣಿ ಕುಸಿಯದಂತೆ ಅದು ಆಸರೆಯಾಗುತ್ತದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಅನೇಕ ಕಾರುಗಳಲ್ಲಿ ಅದು ಮುಂದಿನ ಗಾಜಿಗೆ ಆತುಕೊಂಡೇ ಪ್ರಯಾಣಿಕನ ಕಡೆ ತಿರುಗುತ್ತದೆ. ಅಂಟು ಸರಿಯಾಗಿ ಹಿಡಿಯದಿದ್ದರೆ ಏರ್‌ಬ್ಯಾಗಿನ ರಭಸಕ್ಕೆ ಗಾಜೇ ಹೊರಗೆ ಹಾರಬಹುದು.

ಹಳೆಯ ಗಾಜನ್ನು ಬಿಡಿಸಲು ವೈಪರ್, ಕೆಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದು, ಅಂಟಿನ ಪದರಕ್ಕೆ ಸಣ್ಣ ತೂತು ಮಾಡಿ ಉಕ್ಕಿನ ತಂತಿ ತೂರಿಸುತ್ತಾರೆ. ಒಳಗೊಬ್ಬ, ಹೊರಗೊಬ್ಬ ನಿಂತು ಗರಗಸದಂತೆ ಎಳೆಯುತ್ತ ಸುತ್ತಲೂ ಕೊಯ್ಯುತ್ತಾರೆ. ಗಾಜು ಬಂದ ಮೇಲೆ ಹಳೆ ಅಂಟನ್ನು ಪೂರ್ತಿ ಕೆರೆಯಬಾರದು. ಒಂದೆರಡು ಮಿಲಿಮೀಟರ್ ದಪ್ಪದ ತಳ ಉಳಿಸಿಕೊಂಡರೆ ಹೊಸ ಅಂಟು ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಬಣ್ಣ ಕೆತ್ತಿ ತಗಡು ಕಂಡಲ್ಲಿ ಪ್ರೈಮರ್ ಹಚ್ಚದಿದ್ದರೆ ಮುಂದಿನ ಮಳೆಗಾಲದೊಳಗೆ ತುಕ್ಕು ಹತ್ತಿ ನೀರು ಸೋರಲು ತೊಡಗುತ್ತದೆ. ಹೊಸ ಗಾಜಿನ ಅಂಚನ್ನು ಒರೆಸಿ, ಪ್ರೈಮರ್ ಹಚ್ಚಿ, ತ್ರಿಕೋನದ ಬಾಯಿಯ ಗನ್ನಿನಿಂದ ಅಂಟನ್ನು ಎಲ್ಲೂ ತುಂಡಾಗದಂತೆ ಒಂದೇ ಎಳೆಯಾಗಿ ಎಳೆಯಬೇಕು. ಆಮೇಲೆ ಇಬ್ಬರು ರಬ್ಬರ್ ಹಿಡಿಕೆಗಳಿಂದ ಗಾಜನ್ನೆತ್ತಿ ಒಂದೇ ಸಲಕ್ಕೆ ಕೂರಿಸುತ್ತಾರೆ. ಒಮ್ಮೆ ಕೂತ ಗಾಜನ್ನು ಎತ್ತಿ ಸರಿಸಿದರೆ ಅಂಟಿನ ಎಳೆ ಮುರಿದು ಅಲ್ಲಿಂದಲೇ ಸೋರುತ್ತದೆ.

ಪಾಲಿಯುರಿಥೇನ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿ. ಬಾಗಲಕೋಟೆಯ ಒಣ ಬೇಸಿಗೆಯಲ್ಲಿ ತೇವ ಕಡಿಮೆ ಇರುವುದರಿಂದ ಅಂಟಿಗೆ ಹೆಚ್ಚು ಹೊತ್ತು ಕೊಡಬೇಕಾಗುತ್ತದೆ. ಅಂಟಿನ ಬಗೆ ನೋಡಿಕೊಂಡು ಒಂದು ಗಂಟೆಯಿಂದ ಹಲವು ಗಂಟೆಯವರೆಗೆ ಗಾಡಿ ಓಡಿಸಬಾರದು. ಮೊದಲ ದಿನ ಗಾಡಿ ತೊಳೆಯಬಾರದು. ಎಲ್ಲ ಕಿಟಕಿ ಮುಚ್ಚಿ ಬಾಗಿಲನ್ನು ರಭಸದಿಂದ ಹಾಕಿದರೆ ಒಳಗಿನ ಗಾಳಿಯ ಒತ್ತಡಕ್ಕೆ ಹಸಿ ಅಂಟು ಬಿಡುತ್ತದೆ. ಅದಕ್ಕೇ ಒಂದು ಕಿಟಕಿಯನ್ನು ಬೆರಳಗಲ ತೆರೆದಿಡಲು ಹೇಳುತ್ತಾರೆ. ಅಂಟಿನ ಟ್ಯೂಬುಗಳಿಗೂ ಆಯುಷ್ಯವಿದೆ. ತಂಪಾದ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುವ ಟ್ಯೂಬು ತಗಡಿನ ಶೆಡ್ಡಿನ ಕಾವಿನಲ್ಲಿ ಬೇಗ ಕೆಡುತ್ತದೆ.

ಈಚಿನ ಕೆಲವು ಕಾರುಗಳಲ್ಲಿ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದ್ದು, ಗೆರೆ ತಪ್ಪಿದರೆ ಎಚ್ಚರಿಸುವ, ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಅದನ್ನು ಅವಲಂಬಿಸಿದೆ. ಗಾಜು ಬದಲಿಸಿದ ಮೇಲೆ ಆ ಕ್ಯಾಮೆರಾದ ನೋಟವನ್ನು ಕಂಪ್ಯೂಟರಿನಿಂದ ಮತ್ತೆ ಹೊಂದಿಸಬೇಕು. ಆ ಸಾಧನ ಇಲ್ಲದ ಕೇಂದ್ರ ಇಂಥ ಕೆಲಸವನ್ನು ಒಪ್ಪಿಕೊಳ್ಳದೆ ಕಾರಿನ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸುವುದೇ ಸರಿ.

ದಾಸ್ತಾನು ಮತ್ತು ಸುತ್ತು

ಒಂದೇ ಕಾರಿನ ಮುಂದಿನ ಗಾಜಿನಲ್ಲೂ ವರ್ಷ, ವೇರಿಯಂಟ್, ಮಳೆ ಸೆನ್ಸರ್, ಬಣ್ಣದ ಪಟ್ಟಿ ಇವುಗಳಿಂದ ಹಲವು ಬಗೆ. ಎಲ್ಲವನ್ನೂ ಇಟ್ಟುಕೊಳ್ಳಲು ಯಾವ ಅಂಗಡಿಗೂ ಆಗದು. ಈ ಸೀಮೆಯಲ್ಲಿ ಹೆಚ್ಚು ಓಡುವ ಬೊಲೆರೊ, ಸ್ವಿಫ್ಟ್, ಡಿಜೈರ್, ಎರ್ಟಿಗಾ, ಕ್ರೂಸರ್, ಟಾಟಾ ಏಸ್, ಪಿಕಪ್ ಗಾಡಿಗಳ ಗಾಜನ್ನು ಮಾತ್ರ ಅಂಗಡಿಯಲ್ಲಿಟ್ಟು, ಉಳಿದದ್ದನ್ನು ಗಾಡಿಯ ಚಾಸಿ ನಂಬರ್ ನೋಡಿ ತರಿಸುವುದು ಉಳಿಯುವ ದಾರಿ. ಇಲ್ಲಿಯೇ ಫ್ರಾಂಚೈಸಿಗೆ ಬಿಡಿ ಅಂಗಡಿಗಿಂತ ಅನುಕೂಲ. ಕಂಪನಿಯ ಗೋದಾಮಿನಲ್ಲಿ ಯಾವ ಗಾಜು ಎಲ್ಲಿದೆ ಎಂಬುದು ತೆರೆಯ ಮೇಲೆ ಕಾಣುತ್ತದೆ. ಹುಬ್ಬಳ್ಳಿ ಬಾಗಲಕೋಟೆಯಿಂದ ಸುಮಾರು 120 ಕಿಲೋಮೀಟರ್. ಅಲ್ಲಿ ಸಂಜೆ ಲಾರಿಗೆ ಹಾಕಿದ್ದು ಮರುದಿನ ಬೆಳಿಗ್ಗೆ ಕೈಸೇರಬಹುದು. ದಾರಿಯಲ್ಲಿ ಒಡೆದರೆ ನಷ್ಟ ಯಾರದ್ದು ಎಂಬುದನ್ನು ಮಾತ್ರ ಮೊದಲೇ ಬರೆದುಕೊಂಡಿರಬೇಕು.

ಗಾಜನ್ನು ಮಲಗಿಸಿ ಇಡುವಂತಿಲ್ಲ. ರಬ್ಬರ್ ಹಾಸಿದ ಸ್ಟ್ಯಾಂಡಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಹಾಳೆಗಳ ನಡುವೆ ಕಾಗದ ಕೊಡಬೇಕು. ಮಳೆಗಾಲದಲ್ಲಿ ಎರಡು ಗಾಜಿನ ನಡುವೆ ನೀರು ನಿಂತರೆ ಮೇಲ್ಮೈಯಲ್ಲಿ ಬಿಳಿ ಮಚ್ಚೆ ಕಟ್ಟಿಕೊಂಡು, ಎಷ್ಟು ಒರೆಸಿದರೂ ಹೋಗುವುದಿಲ್ಲ.

ನಾಲ್ಕು ಊರುಗಳನ್ನು ಒಂದು ಕೇಂದ್ರದಿಂದ ನಡೆಸಲು ಮೊಬೈಲ್ ವ್ಯಾನ್ ಬೇಕು. ಬಾಗಲಕೋಟೆಯ ನವನಗರದಲ್ಲೋ ಮುಖ್ಯ ರಸ್ತೆಯಲ್ಲೋ ಗಾಡಿ ನಿಲ್ಲಿಸಲು ನೆರಳಿರುವ ಕೇಂದ್ರ. ಅಲ್ಲಿಂದ ವಾರದ ಗೊತ್ತಾದ ದಿನಗಳಲ್ಲಿ ಅಮೀನಗಡದ ಮೇಲೆ ಹುನಗುಂದ, ಇಳಕಲ್ಲಿಗೆ ಒಂದು ಸುತ್ತು, ಗುಳೇದಗುಡ್ಡ, ಬಾದಾಮಿ ಕಡೆಗೆ ಇನ್ನೊಂದು ಸುತ್ತು. ಚುಕ್ಕೆ ತುಂಬುವ ಕೆಲಸ, ಬಾಗಿಲಿನ ಗಾಜು ಬದಲಿಸುವ ಕೆಲಸ ವ್ಯಾನಿನಿಂದಲೇ ಆಗುತ್ತದೆ. ಪೇಸ್ಟಿಂಗ್ ಕೆಲಸಕ್ಕೆ ಗಾಳಿ, ಧೂಳು ಇಲ್ಲದ ಜಾಗ ಬೇಕಾದ್ದರಿಂದ ಆಯಾ ಊರಿನ ಗ್ಯಾರೇಜಿನವರೊಂದಿಗೆ ಒಂದು ಶೆಡ್ಡಿನ ಮಾತುಕತೆ ಮಾಡಿಕೊಳ್ಳಬೇಕಾಗುತ್ತದೆ. ಈ ವ್ಯಾಪಾರಕ್ಕೆ ಹೆಚ್ಚು ಗಿರಾಕಿಗಳನ್ನು ತರುವವನು ಗ್ಯಾರೇಜಿನವನೇ. ಅವನ ಪಾಲನ್ನು ಅವನಿಗೆ ಕೊಡದೆ ಈ ಸುತ್ತು ನಡೆಯದು. ಸರ್ಕಾರಿ ಬಸ್ಸುಗಳ ಕೆಲಸ ಹೀಗೆ ಬರುವಂಥದಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ತನ್ನದೇ ಡಿಪೋ, ಕಾರ್ಯಾಗಾರಗಳಿವೆ.

ಮನೆ, ಅಂಗಡಿಗಳ ಗಾಜು

ವಾಹನದ ಕೆಲಸ ಇಲ್ಲದ ದಿನಗಳನ್ನು ತುಂಬುವುದು ಕಟ್ಟಡದ ಗಾಜು. ಆಲಮಟ್ಟಿ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಒಂದು ಭಾಗ ಮುಳುಗಿದ್ದರಿಂದ ಕಟ್ಟಿದ ನವನಗರದಲ್ಲಿ ಕಚೇರಿ, ಆಸ್ಪತ್ರೆ, ಕಾಲೇಜುಗಳಿವೆ. ಇಳಕಲ್ಲಿನಲ್ಲಿ ಸೀರೆ ಅಂಗಡಿಗಳ ಷೋಕೇಸು, ಬಾದಾಮಿಯಲ್ಲಿ ಹೋಟೆಲುಗಳ ಮುಂಬಾಗಿಲು. ಈ ಕೆಲಸದಲ್ಲಿ ಹಳೆಯ ‘ಗ್ಲಾಸ್ ಮತ್ತು ಪ್ಲೈವುಡ್’ ಅಂಗಡಿಗಳದೇ ಮೇಲುಗೈ. ಕಿಟಕಿಯ 4 ಮಿಲಿಮೀಟರ್ ಗಾಜಿಗಾಗಿ ಅವರೊಂದಿಗೆ ಬೆಲೆಯಲ್ಲಿ ಪೈಪೋಟಿ ಮಾಡುವುದು ಫ್ರಾಂಚೈಸಿಗೆ ಲಾಭದ ಮಾತಲ್ಲ. ದಪ್ಪ ಟಫನ್ ಬಾಗಿಲು, ನೆಲದ ಸ್ಪ್ರಿಂಗ್, ಮೆಟ್ಟಿಲ ಕಟಾಂಜನದ ಲ್ಯಾಮಿನೇಟೆಡ್ ಗಾಜು ಇವು ಅದಕ್ಕೆ ಒಗ್ಗುವ ಕೆಲಸ.

ಗಾಜಿನ ತೂಕ ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ಏಳಡಿ ಎತ್ತರ, ಮೂರಡಿ ಅಗಲದ 12 ಮಿಲಿಮೀಟರ್ ಬಾಗಿಲು ಹೀಗೆ ಸುಮಾರು 58 ಕಿಲೋ ಆಗುತ್ತದೆ. ಅದನ್ನು ಇಬ್ಬರಿಗಿಂತ ಕಡಿಮೆ ಜನ ಎತ್ತುವುದು ಅಪಾಯ. ಹಿಡಿಕೆಯ ತೂತು, ಕೀಲಿನ ಕಚ್ಚು ಎಲ್ಲವನ್ನೂ ಟಫನ್ ಮಾಡುವ ಮೊದಲೇ ತೆಗೆದಿರಬೇಕು. ಹೀಗಾಗಿ ಅಳತೆ ಹಿಡಿಯುವವನೇ ಈ ಕೆಲಸದಲ್ಲಿ ಮುಖ್ಯ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಗಲ ಅಳೆದು ಅದರಲ್ಲಿ ಕಡಿಮೆಯದನ್ನೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಗೋಡೆ ನೇರವಿರದೆ ಓರೆಯಾಗಿದ್ದರೆ ಅದು ಆಗಲೇ ಗೊತ್ತಾಗುತ್ತದೆ.

ಕಾನೂನು ಮತ್ತು ವಿಮೆ

ಕೇಂದ್ರ ಮೋಟಾರು ವಾಹನ ನಿಯಮಗಳ (1989) 100ನೇ ನಿಯಮದ ಪ್ರಕಾರ ವಾಹನದಲ್ಲಿ ಸುರಕ್ಷತಾ ಗಾಜು ಅಥವಾ ಸುರಕ್ಷತಾ ಗ್ಲೇಜಿಂಗ್ ಇರಬೇಕು. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70, ಪಕ್ಕದ ಗಾಜುಗಳು ಕನಿಷ್ಠ ಶೇ 50 ಬೆಳಕನ್ನು ಒಳಬಿಡಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಪ್ಪು ಫಿಲಂ ಅಂಟಿಸುವುದನ್ನು ನಿಷೇಧಿಸಿದ್ದು ಇದೇ ನಿಯಮದ ಆಧಾರದ ಮೇಲೆ. ಗಾಜು ಬದಲಿಸುವಾಗ ಕಪ್ಪು ಫಿಲಂ ಹಾಕಿಕೊಡಿ ಎಂದು ಕೇಳುವ ಗಿರಾಕಿಗೆ ಇಲ್ಲ ಎನ್ನುವುದು ಕೇಂದ್ರಕ್ಕೆ ಕ್ಷೇಮ.

ಗಾಜಿನ ಗುಣಮಟ್ಟಕ್ಕೆ ಭಾರತೀಯ ಮಾನಕ ಐಎಸ್ 2553 ಇದೆ. ಅದರ ಮೊದಲ ಭಾಗ ಕಟ್ಟಡದ ಗಾಜಿಗೆ, ಎರಡನೆಯದು ವಾಹನದ ಗಾಜಿಗೆ. ಗಾಜಿನ ಮೂಲೆಯಲ್ಲಿ ಅಚ್ಚಾದ ತಯಾರಕರ ಹೆಸರು, ಐಎಸ್ಐ ಗುರುತು, ಲ್ಯಾಮಿನೇಟೆಡ್ ಅಥವಾ ಟಫನ್ಡ್ ಎಂಬ ಬರಹ ಇವನ್ನು ಗಿರಾಕಿಗೆ ತೋರಿಸಿಯೇ ಗಾಜು ಕೂರಿಸುವುದು ಒಳ್ಳೆಯ ರೂಢಿ.

ವಿಮೆಯ ಲೆಕ್ಕ ತಿಳಿಯದೆ ಈ ವ್ಯಾಪಾರ ನಡೆಯದು. ಸಮಗ್ರ ವಿಮೆ ಇದ್ದ ವಾಹನದ ಗಾಜು ಒಡೆದರೆ ಪರಿಹಾರ ಸಿಗುತ್ತದೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಸವಕಳಿಯಾಗಿ ಕಡಿತವಾದರೆ, ಗಾಜಿಗೆ ಸವಕಳಿ ಇಲ್ಲ. ಆದರೆ 1,500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ 1,000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2,000 ರೂಪಾಯಿ ಮಾಲೀಕನೇ ಹಾಕಿಕೊಳ್ಳಬೇಕು. ಜೊತೆಗೆ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಪ್ರೀಮಿಯಂನಲ್ಲಿ ಸಿಗುವ ಈ ರಿಯಾಯಿತಿ ಕ್ಲೇಮಿಲ್ಲದ ವರ್ಷಕ್ಕೊಂದು ಮೆಟ್ಟಿಲಿನಂತೆ ಶೇ 20, 25, 35, 45, 50 ಎಂದು ಏರುತ್ತದೆ.

ಒಂದು ಉದಾಹರಣೆ. ಕಾರಿನ ಸ್ವಂತ ಹಾನಿಯ ಪ್ರೀಮಿಯಂ 8,000 ರೂಪಾಯಿ, ಮಾಲೀಕ ಈಗ ಶೇ 25ರ ಮೆಟ್ಟಿಲಲ್ಲಿದ್ದಾನೆ, ಗಾಜಿನ ಬಿಲ್ಲು 6,000 ಎಂದಿಟ್ಟುಕೊಂಡರೆ, ಕ್ಲೇಮಿನಿಂದ ಕೈಗೆ ಬರುವುದು 5,000. ಕ್ಲೇಮು ಮಾಡದಿದ್ದರೆ ಮುಂದಿನ ವರ್ಷ ಶೇ 35, ಅದರಾಚೆ ವರ್ಷ ಶೇ 45, ಅಂದರೆ 2,800 ಮತ್ತು 3,600 ರೂಪಾಯಿ ಉಳಿಯುತ್ತಿತ್ತು. ಮಾಡಿದರೆ ಮೊದಲ ವರ್ಷ ಏನೂ ಇಲ್ಲ, ಎರಡನೇ ವರ್ಷ 1,600. ಕಳೆದುಕೊಂಡದ್ದು 4,800. ಎರಡೇ ವರ್ಷಕ್ಕೆ ಲಾಭ ಹೆಚ್ಚುಕಮ್ಮಿ ಸೊನ್ನೆ. ಗಾಜಿನ ಬೆಲೆ ಹದಿನೈದು, ಇಪ್ಪತ್ತು ಸಾವಿರವಾದರೆ ಮಾತ್ರ ಕ್ಲೇಮು ಲಾಭದ್ದು. ಬೋನಸ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಕೊಂಡವರ ಲೆಕ್ಕ ಬೇರೆ. ಇದನ್ನು ಗಿರಾಕಿಯ ಎದುರು ಕಾಗದದ ಮೇಲೆ ಬರೆದು ತೋರಿಸುವ ಕೇಂದ್ರಕ್ಕೆ ಅವನು ಮತ್ತೆ ಬರುತ್ತಾನೆ.

ವಿಮಾ ಕಂಪನಿಗಳೊಂದಿಗೆ ನಗದುರಹಿತ ಒಪ್ಪಂದ ಇರುವುದು ಫ್ರಾಂಚೈಸಿಯ ಇನ್ನೊಂದು ಬಲ. ಗಿರಾಕಿ ತನ್ನ ಪಾಲನ್ನಷ್ಟೇ ಕೊಟ್ಟು ಹೋಗುತ್ತಾನೆ. ಆದರೆ ಉಳಿದ ಹಣ ವಿಮೆಯವರಿಂದ ಬರುವವರೆಗೆ ಗಾಜಿನ ಬೆಲೆ ಕೇಂದ್ರದ ಮಾಲೀಕನ ಮೇಲೆಯೇ ನಿಂತಿರುತ್ತದೆ. ಕೆಲಸ ಹೆಚ್ಚಿದಷ್ಟೂ ಸಿಕ್ಕಿಬಿದ್ದ ಹಣವೂ ಹೆಚ್ಚುತ್ತದೆ.

ಬಂಡವಾಳ ಮತ್ತು ದಿನದ ಲೆಕ್ಕ

ಪರವಾನಗಿಗಳ ಪಟ್ಟಿ ಉದ್ದವೇನಲ್ಲ. ಬಾಗಲಕೋಟೆ, ಇಳಕಲ್ ನಗರಸಭೆಗಳು, ಬಾದಾಮಿ, ಹುನಗುಂದ ಪುರಸಭೆಗಳು: ಕೇಂದ್ರ ಎಲ್ಲಿದೆಯೋ ಅಲ್ಲಿಯ ಉದ್ಯಮ ಪರವಾನಗಿ, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ, ಜಿಎಸ್‌ಟಿ, ಉದ್ಯಮ್ ನೋಂದಣಿ. ಸೇವೆ ಕೊಡುವ ವ್ಯಾಪಾರಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಕಡ್ಡಾಯ. ವಿಮೆಯವರಿಗೆ ಬಿಲ್ಲು ಕೊಡಬೇಕಾದ್ದರಿಂದ ಇಂಥ ಕೇಂದ್ರ ಮೊದಲ ದಿನದಿಂದಲೇ ಅದನ್ನು ಮಾಡಿಸಿಕೊಳ್ಳುವುದು ಅನುಕೂಲ. ಸಾಲಕ್ಕೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ತರುಣ್ ವರ್ಗದಲ್ಲಿ 10 ಲಕ್ಷದವರೆಗೆ ಅವಕಾಶವಿದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ 20 ಲಕ್ಷದವರೆಗಿನ ಸೇವಾ ಘಟಕಗಳಿಗೆ ವರ್ಗ ಮತ್ತು ಸ್ಥಳಕ್ಕೆ ತಕ್ಕಂತೆ ಶೇ 15ರಿಂದ 35ರವರೆಗೆ ಸಹಾಯಧನ ದೊರೆಯುತ್ತದೆ. ಅರ್ಜಿಗೆ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ.

ಕೇಂದ್ರ ನಡೆಯುತ್ತದೋ ಇಲ್ಲವೋ ಎಂಬುದನ್ನು ಕಾಗದದ ಮೇಲೇ ತಿಳಿಯಬಹುದು. ತಿಂಗಳಿಗೆ ಬಾಡಿಗೆ 15,000, ಇಬ್ಬರು ಫಿಟ್ಟರು, ಒಬ್ಬ ಸಹಾಯಕನ ಪಗಾರ 48,000, ವ್ಯಾನು ಮತ್ತು ಡೀಸೆಲ್ 15,000, ಸಾಲದ ಕಂತು 22,000, ಕರೆಂಟು, ಫೋನು 5,000 ಎಂದು ಊಹಿಸಿದರೆ ಒಟ್ಟು 1,05,000 ರೂಪಾಯಿ. ಒಂದು ಮುಂದಿನ ಗಾಜಿನ ಬಿಲ್ಲು 6,000, ಗಾಜು ಮತ್ತು ಅಂಟಿಗೆ 4,200, ಕಂಪನಿಯ ಪಾಲು ಶೇ 7ರಂತೆ 420 ಹೋದರೆ ಉಳಿಯುವುದು 1,380. ಚುಕ್ಕೆ ತುಂಬುವ ಕೆಲಸದ ಬಿಲ್ಲು 700 ಆದರೆ ರೆಸಿನ್ ಮತ್ತು ಪಾಲು ಕಳೆದು ಸುಮಾರು 550 ಉಳಿಯುತ್ತದೆ. ಎರಡೂ ಬಗೆಯ ತಲಾ 55 ಕೆಲಸ ಬಂದರೆ ಖರ್ಚು ಹೊಂದುತ್ತದೆ. ಅಂದರೆ ಕೆಲಸದ ದಿನಕ್ಕೆ ಎರಡು ಗಾಜು, ಎರಡು ಚುಕ್ಕೆ. ಲಾಭ ಶುರುವಾಗುವುದು ಅದರಾಚೆಗೆ. ಹುನಗುಂದ ಅಥವಾ ಬಾದಾಮಿ ಒಂದರಿಂದಲೇ ದಿನಾ ಎರಡು ಮುಂದಿನ ಗಾಜಿನ ಕೆಲಸ ಹುಟ್ಟುವುದು ಕಠಿಣ. ನಾಲ್ಕು ಊರು ಮತ್ತು ಎರಡು ದೊಡ್ಡ ರಸ್ತೆಗಳಿಂದ ಅದು ಅಸಾಧ್ಯವೇನಲ್ಲ. ಚುಕ್ಕೆಯ ಕೆಲಸದಲ್ಲಿ ಸರಕಿನ ಖರ್ಚು ತೀರ ಕಡಿಮೆ ಎಂಬುದನ್ನೂ ಈ ಲೆಕ್ಕ ತೋರಿಸುತ್ತದೆ. ಒಂದು ಗಾಜು ಬದಲಿಸಿದ ಲಾಭ ಎರಡೂವರೆ ಚುಕ್ಕೆಗೆ ಸಮ, ಆದರೆ ಅದಕ್ಕೆ ಕಟ್ಟಿಹಾಕಿದ ಹಣ ನಲವತ್ತು ಪಟ್ಟು.

ಆಳು ಮತ್ತು ತ್ಯಾಜ್ಯ

ಒಳ್ಳೆಯ ಫಿಟ್ಟರು ಸಿಗುವುದು ಬಂಡವಾಳ ಸಿಗುವುದಕ್ಕಿಂತ ಕಷ್ಟ. ಕಂಪನಿ ಕೊಡುವ ತರಬೇತಿ ಕೆಲವೇ ದಿನಗಳದು, ಕೈ ಕೂರಲು ತಿಂಗಳುಗಳು ಬೇಕು. ಕೆಲಸ ಕಲಿತವನು ಆರು ತಿಂಗಳಿಗೆ ಹುಬ್ಬಳ್ಳಿಗೋ ಪುಣೆಗೋ ಹೋಗಿಬಿಡುವುದು ಈ ಭಾಗದ ಎಲ್ಲ ಕಸುಬುಗಳ ತೊಂದರೆ. ಪಗಾರದ ಮೇಲೆ ಪ್ರತಿ ಕೆಲಸಕ್ಕೆ ಇಂತಿಷ್ಟು ಎಂದು ಕೊಟ್ಟರೆ ಉಳಿಯುವ ಸಂಭವ ಹೆಚ್ಚು. ಮಣಿಕಟ್ಟಿನವರೆಗೆ ಬರುವ ಕೊಯ್ತ-ನಿರೋಧಕ ಕೈಗವಸು, ಕನ್ನಡಕ, ಮುಂಗಾಲು ಮುಚ್ಚುವ ಬೂಟು ಇವು ಕೆಲಸದ ಸಾಮಾನಿನ ಭಾಗ. ಚಪ್ಪಲಿಯಲ್ಲಿ ಗಾಜು ಎತ್ತುವ ರೂಢಿಯನ್ನು ಮೊದಲ ದಿನವೇ ಬಿಡಿಸಬೇಕು.

ಒಡೆದ ಗಾಜಿನಲ್ಲಿ ಶುದ್ಧ ಟಫನ್ ಚೂರು ಗುಜರಿಗೆ ಹೋಗಿ ಮತ್ತೆ ಕುಲುಮೆ ಸೇರಬಲ್ಲದು. ಲ್ಯಾಮಿನೇಟೆಡ್ ಗಾಜಿನಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿರುವುದರಿಂದ ಸಾಮಾನ್ಯ ಗುಜರಿಯವರು ಅದನ್ನು ಕೊಳ್ಳುವುದಿಲ್ಲ. ಊರಾಚೆ ಹಳ್ಳಕ್ಕೆ ಸುರಿದರೆ ದನಕರುಗಳ ಕಾಲಿಗೆ ಕಂಟಕ. ಹಳೆ ಗಾಜನ್ನು ಯಾರು ಒಯ್ಯಬೇಕು, ಖರ್ಚು ಯಾರದು ಎಂಬುದು ಕಂಪನಿಯೊಂದಿಗಿನ ಕರಾರಿನಲ್ಲೇ ಇರಬೇಕು.

ಕರಾರು

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ ಮತ್ತು ಇಬ್ಬರೂ ಸಹಿ ಹಾಕಿದ ಕಾಗದ ಇವೇ ಆಧಾರ. ಗಿರಾಕಿ ದೂರು ಕೊಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೆಲಸ ಮಾಡಿದ ಕೇಂದ್ರವೂ ಉತ್ತರ ಕೊಡಬೇಕಾಗುತ್ತದೆ. ಗಾಜಿನ ದೋಷಕ್ಕೆ ಕಂಪನಿ, ಕೂರಿಸುವ ದೋಷಕ್ಕೆ ಕೇಂದ್ರ ಎಂದು ಹೊಣೆಯನ್ನು ಮೊದಲೇ ಬಿಡಿಸಿ ಬರೆಯದಿದ್ದರೆ ಎರಡೂ ಕೇಂದ್ರದ ತಲೆಗೆ ಬರುವುದುಂಟು.

ಸಹಿ ಹಾಕುವ ಮೊದಲು ನೋಡಬೇಕಾದ ಮೊದಲ ಕಲಮು ಪ್ರದೇಶದ್ದು. ಕರಾರಿನಲ್ಲಿ ‘ಬಾಗಲಕೋಟೆ ನಗರ’ ಎಂದಷ್ಟೇ ಇದ್ದರೆ ನಾಳೆ ಇಳಕಲ್ಲಿನಲ್ಲಿ ಅದೇ ಹೆಸರಿನ ಇನ್ನೊಂದು ಕೇಂದ್ರ ತೆರೆಯಬಹುದು, ನಾಲ್ಕು ಊರುಗಳ ಲೆಕ್ಕ ಅಲ್ಲಿಗೆ ಮುರಿದುಬೀಳುತ್ತದೆ. ತಾಲೂಕುಗಳ ಹೆಸರನ್ನೇ ಬರೆಸಿಕೊಳ್ಳಬೇಕು. ಎರಡನೆಯದು ಖರೀದಿ: ಗಾಜೆಲ್ಲವನ್ನೂ ಕಂಪನಿಯಿಂದಲೇ ಕೊಳ್ಳಬೇಕೆಂಬ ಷರತ್ತಿದ್ದರೆ, ಕಂಪನಿಯಲ್ಲಿ ಇಲ್ಲದ ಗಾಜನ್ನು ಹೊರಗಿನಿಂದ ತರಲು ಅನುಮತಿ ಬೇಕು. ಲಾರಿ, ಹಳೆ ಜೀಪುಗಳು ಹೆಚ್ಚಿರುವ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಮೂರನೆಯದು ಕಂಪನಿಯ ಪಾಲು ಒಟ್ಟು ವಹಿವಾಟಿನ ಮೇಲೋ, ಕೈಗೆ ಬಂದ ಹಣದ ಮೇಲೋ ಎಂಬುದು. ವಿಮೆಯ ಹಣ ತಡವಾದಾಗ ಈ ವ್ಯತ್ಯಾಸ ನೋಯಿಸುತ್ತದೆ. ತಿಂಗಳಿಗೆ ಇಂತಿಷ್ಟು ಕನಿಷ್ಠ ಮೊತ್ತ ಕೊಡಲೇಬೇಕೆಂದಿದ್ದರೆ ಮಳೆಗಾಲದ ಮಂದ ತಿಂಗಳುಗಳನ್ನು ನೆನಪಿಟ್ಟುಕೊಂಡು ಒಪ್ಪಬೇಕು.

ಕೊನೆಯದು ಬಿಡುಗಡೆಯ ಕಲಮು. ಕರಾರಿನ ಅವಧಿ ಮುಗಿದಾಗ ಬೋರ್ಡು, ಸಮವಸ್ತ್ರ, ಬಿಲ್ಲಿನ ಸಾಫ್ಟ್‌ವೇರ್ ಕಂಪನಿಗೆ ಹಿಂದಿರುಗುತ್ತವೆ. ಉಳಿದ ಗಾಜಿನ ದಾಸ್ತಾನನ್ನು ಕಂಪನಿ ಯಾವ ಬೆಲೆಗೆ ವಾಪಸು ಕೊಳ್ಳುತ್ತದೆ ಎಂಬುದು ಬರಹದಲ್ಲಿರಬೇಕು. ಅವಧಿಯ ನಂತರವೂ ಇದೇ ಕಸುಬು ಮಾಡಬಾರದೆಂಬ ಷರತ್ತನ್ನು ಕರಾರು ಕಾಯ್ದೆಯ 27ನೇ ಕಲಮು ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲ. ಹೀಗಾಗಿ ಹೆಸರು ಬದಲಿಸಿ ಕೆಲಸ ಮುಂದುವರಿಸುವ ದಾರಿ ಮಾಲೀಕನಿಗೆ ಉಳಿದಿರುತ್ತದೆ. ಆ ಹೊತ್ತಿಗೆ ಗ್ಯಾರೇಜುಗಳು, ಟ್ಯಾಕ್ಸಿ ನಿಲ್ದಾಣಗಳು, ಕ್ವಾರಿಯ ಲಾರಿ ಮಾಲೀಕರು ಅವನನ್ನು ಬೋರ್ಡಿನಿಂದಲ್ಲದೆ ಕೆಲಸದಿಂದ ಗುರುತಿಸುವಂತಾಗಿದ್ದರೆ, ಕರಾರನ್ನು ನವೀಕರಿಸಬೇಕೋ ಬೇಡವೋ ಎಂಬುದನ್ನು ಅವನೇ ತನ್ನ ಲೆಕ್ಕದ ಪುಸ್ತಕ ನೋಡಿ ನಿರ್ಧರಿಸಬಹುದು.